ಅಮ್ಮನ ಧ್ವನಿ

ಕನ್ನಡಕ್ಕೆ ಡಬ್ ಆದ ಒಂದು ಕಾರ್ಟೂನ್ ಸಿನಿಮಾದಲ್ಲಿ ಲೋಕ ಕಾಯುವ ಐವರು ಮಾಯಾವೀರರು. ಅವರ ನಾಯಕಿಗೆ ಧ್ವನಿ ಕೊಟ್ಟವಳು ನಾನು. ಆ ಕೆಲಸದಲ್ಲಿ ಹದಿನೈದು ದಿನ ಮಗಳ ಜೊತೆ ಕೂತು ಉಂಡಿರಲಿಲ್ಲ. ಅಮ್ಮನ ಬಗ್ಗೆ ಒಂದಿಷ್ಟು ಹೆಮ್ಮೆಪಡಲಿ ಅಂತ ಥಿಯೇಟರಿಗೆ ಕರೆದುಕೊಂಡು ಹೋದೆ.

"ಇದರಲ್ಲಿ ನನ್ನ ಧ್ವನಿ ಯಾವುದು, ಕಂಡುಹಿಡಿ ನೋಡೋಣ," ಎಂದೆ.

ತೆರೆಯ ಮೇಲೆ ನಾಯಕಿ ಮಗುವೊಂದನ್ನು ಎತ್ತಿಕೊಂಡು, "ಹೆದರಬೇಡ ಚಿನ್ನ, ನಾನಿದ್ದೀನಿ," ಎಂದಳು. ಮಗಳು ಸುಮ್ಮನೆ ಪಾಪ್‌ಕಾರ್ನ್ ತಿನ್ನುತ್ತಿದ್ದಳು.

ಆಮೇಲೆ ರಕ್ಕಸಿ ಬಂದು ಅರಚಿದಳು. ಮಗಳು ನನ್ನ ತೋಳು ಹಿಡಿದಳು.

"ಹೆದರಿಕೆ ಆಯ್ತಾ ಪುಟ್ಟಿ?"

"ಇಲ್ಲ, ಗೊತ್ತಾಯ್ತು," ಎಂದು ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದಳು. "ಇದೇ ನೀನು. ಬೆಳಿಗ್ಗೆ ನಂಗೆ ಜಡೆ ಹಾಕುವಾಗ ಹಿಂಗೇ ತಾನೆ ಅರಚೋದು?"