ಎಡಗಡೆಯ ಸೀಟು

"ಎಡಗಡೆ ಯಾರು ಕೂಡ್ತಾರ್ರಿ, ಬಕ್ಕೇಶಣ್ಣ?" ಎಂದು ಮೆಕ್ಯಾನಿಕ್ ನಿಂಗರಾಜ್ ಜೀಪಿನ ಅಡಿಯಿಂದಲೇ ಕೇಳಿದ. ಗುಡ್ಡ ಹತ್ತುವ ಸ್ಪರ್ಧೆಗೆ ಭಾರಕ್ಕೆ ತಕ್ಕಂತೆ ಸ್ಪ್ರಿಂಗ್ ಹೊಂದಿಸುವಾಗ ಹೋಗುವವರೆಲ್ಲ ಗಾಡಿಯೊಳಗೆ ಕೂತಿರಬೇಕು ಎಂಬುದು ಹರಿಹರ ರಸ್ತೆಯ ಆ ಗ್ಯಾರೇಜಿನ ಪದ್ಧತಿ. ಎಡಗಡೆ ಯಾವಾಗಲೂ ಬಕ್ಕೇಶನ ಹೆಂಡತಿ ರಶ್ಮಿತಾ ಕೂರುತ್ತಿದ್ದಳು. "ಅಕ್ಕಾರೆ, ಭಾನುವಾರದ ತನಕ ಮಿರ್ಚಿ ಮಂಡಕ್ಕಿ ಬಂದ್ ಮಾಡ್ರಿ, ನನ್ನ ಅಳತೆ ಕೆಡತೈತೆ" ಎಂದು ನಿಂಗರಾಜ್ ಅವಳನ್ನು ಕಾಡುತ್ತಿದ್ದ. ಅವಳು ತೀರಿಕೊಂಡು ಮೂರು ತಿಂಗಳಾಗಿತ್ತು. ಬಕ್ಕೇಶ್ ಇನ್ನೂ ಅತ್ತಿರಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತರೆ ಬಾಯಿ ತನ್ನಷ್ಟಕ್ಕೆ ವಚನ ಹೇಳುತ್ತಿತ್ತು. ಒಳಗೆ ಏನೂ ತಾಗುತ್ತಿರಲಿಲ್ಲ.

ಬಕ್ಕೇಶ್ ಮರಳಿನ ಚೀಲವನ್ನು ತಕ್ಕಡಿಗಿಟ್ಟು, ಒಂದು ಬೊಗಸೆ ತೆಗೆದು, ರಶ್ಮಿತಾಳ ತೂಕದಷ್ಟೇ, ಐವತ್ತೆಂಟು ಕಿಲೋಗೆ ಸರಿಮಾಡಿ ಎಡಗಡೆಯ ಸೀಟಿನಲ್ಲಿ ಕೂರಿಸಿದ.

ನಿಂಗರಾಜ್ ಹೊರಗೆ ಬಂದು ನೋಡಿದ. "ಅಣ್ಣಾರೆ, ಒಬ್ರೇ ಹೋಗೋದಾದ್ರೆ ಇದು ಬ್ಯಾಡ್ರಿ. ಇಬ್ಬರ ಭಾರಕ್ಕೆ ಹೊಂದಿಸಿದ್ರೆ ಏರಿನಾಗೆ ಗಾಡಿ ಬಲಕ್ಕೆ ವಾಲಿ ಉರುಳಿಬಿಡತೈತೆ. ಜೀವದ ಮಾತು."

"ಮೊದ್ಲು ಹೆಂಗಿತ್ತೋ ಹಂಗೇ ಇರ್ಲಿ" ಎನ್ನುತ್ತ ಬಕ್ಕೇಶ್ ಚೀಲಕ್ಕೆ ಬೆಲ್ಟ್ ಹಾಕತೊಡಗಿದ.

ಬೆಲ್ಟ್ ನಾಲ್ಕು ಬೆರಳು ಸಾಲಲಿಲ್ಲ. ಅದು ರಶ್ಮಿತಾ ತನ್ನ ಮೈಗೆ ತಾನೇ ಬಿಗಿದುಕೊಂಡಿದ್ದ ಅಳತೆ. "ಸಡ್ಲ ಮಾಡ್ಲೇನ್ರಿ?" ಎಂದು ನಿಂಗರಾಜ್ ಕೈ ಚಾಚಿದ. ಬಕ್ಕೇಶ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಚೀಲವನ್ನು ತಬ್ಬಿ ಕೆಳಗಿಳಿಸಿ, "ಬೆಲ್ಟ್ ಮುಟ್ಟಬ್ಯಾಡ. ಒಬ್ಬನ ಭಾರಕ್ಕೇ ಹೊಂದಿಸು" ಎಂದ.