ಮೋತಿ ಬೊಗಳದ ಸಂಜೆ

ಬಿಸಿ ಜೋಳದ ರೊಟ್ಟಿಯ ವಾಸನೆ ಬಂದರೆ ಈಗಲೂ ನನ್ನ ಕಿವಿಯಲ್ಲಿ ಮೋತಿ ಬೊಗಳುತ್ತದೆ. ಅಕಿವಾಟದ ನಮ್ಮ ಮನೆಯ ನಾಯಿ ಅದು. ಅಂಥ ಗಂಟಲು ಯಾವ ನಾಯಿಗೂ ಇರಬಾರದು. ಜೈನರಾದ ನಮ್ಮಲ್ಲಿ ಹೊತ್ತು ಮುಳುಗುವ ಮುಂಚೆಯೇ ಊಟ, ಆಮೇಲೆ ಏನೂ ತಿನ್ನುವಂತಿಲ್ಲ. ಹೊತ್ತು ಇಳಿಯುತ್ತಲೇ ಮೋತಿಯ ಬೊಗಳಾಟ ಶುರು. ಅಜ್ಜಿ ರೊಟ್ಟಿ ಎಸೆದರಷ್ಟೇ ನಿಲ್ಲುತ್ತಿತ್ತು.

"ಒದರಿದಾಗೆಲ್ಲಾ ರೊಟ್ಟಿ ಕೊಡ್ತಿ, ಅದಕ್ಕ ಒದರತೈತಿ! ತಲಿ ಚಿಟ್ಟ ಹಿಡೀತವ್ವಾ," ಎಂದು ಅಪ್ಪ ಸಿಡುಕಿದರು. ಸುಮ್ಮನಿದ್ದರೆ ಮಾತ್ರ ರೊಟ್ಟಿ ಎಂದು ಕಟ್ಟಪ್ಪಣೆಯಾಯಿತು. ಕೆಲವೇ ದಿನಗಳಲ್ಲಿ ಮೋತಿ ಬಾಯಿ ಮುಚ್ಚಿತು.

ಒಂದು ಸಂಜೆ ನಾವೆಲ್ಲ ಹೊಲದಲ್ಲೇ ಉಂಡು ಬರುವಷ್ಟರಲ್ಲಿ ಕತ್ತಲಾಗಿತ್ತು. ಕಣ್ಣಿಗೆ ಪೊರೆ ಬಂದು ಬೆಳಕು-ಕತ್ತಲೆ ತಿಳಿಯದ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಅವಳ ತಾಟು ಮುಚ್ಚಿದ ಹಾಗೇ ಇತ್ತು.

"ಯಾಕವ್ವಾ, ಉಂಡಿಲ್ಲ?" ಅಪ್ಪ ಕೇಳಿದರು.

"ಹೊತ್ತ ಇನ್ನಾ ಐತೆಲ್ಲೋ," ಅಂದಳು ಅಜ್ಜಿ. "ಮೋತಿ ಒದರೇ ಇಲ್ಲ."