ಮೂರನೆಯ ಸಾಲಿನ ಕೆಳದನಿ

ಮೂರನೆಯ ಸಾಲಿನ ತುದಿಯಲ್ಲಿದ್ದ ಕೈದಿ ತಲೆಯೆತ್ತಿದ. ರೊವೀನಾ ಹಾಡುತ್ತಿದ್ದ ಸಾಲು ಅರ್ಧಕ್ಕೇ ನಿಂತಿತು.

ಮೈಕಿನ ಮುಂದೆ ಅವಳು ಎಂದೂ ಹೀಗೆ ತಡವರಿಸಿದವಳಲ್ಲ. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ಡೆಲ್ಬರ್ಟ್ ತನ್ನ ಯಂತ್ರಗಳ ಹಿಂದಿನಿಂದ ಕೈಯೆತ್ತಿ ಏನಾಯಿತೆಂದು ಕೇಳಿದ. ಗಂಟಲು ಒಣಗಿತು ಎಂದಳು. ಅದೇನೂ ಸುಳ್ಳಲ್ಲ. ಜೈಲಿನ ಆ ಪುಟ್ಟ ಪ್ರಾರ್ಥನಾಮಂದಿರದಲ್ಲಿ ಬೆಳಗಿನ ಬಿಸಿಲು ಧಾರಾಳವಾಗಿ ಬಿದ್ದಿತ್ತು; ಗಿಟಾರನ್ನು ಎದೆಗೊತ್ತಿಕೊಂಡೇ ಅವಳು ಆ ಮುಖವನ್ನು ಮತ್ತೊಮ್ಮೆ ನೋಡಿದಳು.

ಲೀಮನ್ ಟ್ರಿವೆಟ್. ಕೂದಲು ಬೆಳ್ಳಗಾಗಿತ್ತು, ಭುಜ ಇಳಿದಿತ್ತು. ಕಣ್ಣು ಮಾತ್ರ ಅವೇ.

ಅವನು ಟೆನೆಸಿ ರಾಜ್ಯದ ಇನ್ನೊಂದು ತುದಿಯ ಜೈಲಿನಲ್ಲಿದ್ದಾನೆಂದೇ ಅವಳು ಅಂದುಕೊಂಡಿದ್ದಳು. ಕೈದಿಗಳ ಮೇಳದೊಂದಿಗೆ ಭಕ್ತಿಗೀತೆಗಳ ಆಲ್ಬಂ ಮಾಡೋಣವೆಂದು ಕಂಪನಿಯವರು ಕೇಳಿದಾಗ, ಅವನು ಇಲ್ಲಿಲ್ಲವೆಂದು ವಿಚಾರಿಸಿಕೊಂಡೇ ಹೂಂ ಎಂದಿದ್ದಳು. ಇಲ್ಲಿಗೆ ಅವನನ್ನು ಯಾವಾಗ ತಂದರೋ.

ಅವನು ಜೈಲು ಸೇರಿದ ಕಾಲಕ್ಕೆ ಅವಳು ಹಾಡುಗಾರ್ತಿಯೇ ಅಲ್ಲ, ಹೊಗೆಸೊಪ್ಪು ಬೆಳೆಯುತ್ತಿದ್ದ ಗಾರ್ಲೆಂಡ್ ಸ್ಪೈಸರನ ಹೆಂಡತಿ. ಭಾನುವಾರ ಚರ್ಚಿನಲ್ಲಿ ಬಿಟ್ಟರೆ ಬೇರೆಲ್ಲೂ ಅವಳ ದನಿ ಕೇಳಿಸುತ್ತಿರಲಿಲ್ಲ. ಟ್ರಿವೆಟ್ ಅವರ ಹೊಲದ ಆಳು. ಒಂದು ಮಧ್ಯಾಹ್ನ, ಸೊಪ್ಪು ಒಣಹಾಕುವ ಕೊಟ್ಟಿಗೆಯಲ್ಲಿ ಗಾರ್ಲೆಂಡ್ ಗುಂಡೇಟು ತಿಂದು ಸತ್ತು ಬಿದ್ದಿದ್ದ. ಹಿಂದಿನ ದಿನವಷ್ಟೇ ಒಂದು ಹೇಸರಗತ್ತೆಯ ವಿಷಯಕ್ಕೆ ಅವನಿಗೂ ಟ್ರಿವೆಟ್‌ಗೂ ಜಗಳವಾದದ್ದನ್ನು ಊರೆಲ್ಲ ನೋಡಿತ್ತು. ಶವಸಂಸ್ಕಾರದಲ್ಲಿ ದವಡೆಗೆ ಪಟ್ಟಿ ಕಟ್ಟಿಕೊಂಡು ಕೂತ ರೊವೀನಾಳನ್ನು ಕಂಡು, ಮೆಟ್ಟಿಲಿಂದ ಬಿದ್ದ ಬೆನ್ನಿಗೇ ಗಂಡನನ್ನೂ ಕಳಕೊಂಡಳಲ್ಲ ಎಂದು ನೆರೆಯವರು ಮರುಗಿದರು. ಮುಂದೆ ಕಟಕಟೆ ಹತ್ತಿ, ಕೋವಿ ಹಿಡಿದು ಓಡಿದವನು ಇವನೇ ಎಂದು ಟ್ರಿವೆಟ್‌ನತ್ತ ಬೆರಳು ತೋರಿಸಿದ್ದಳು. ಕರೆದೊಯ್ಯುವಾಗ ಅವನು ಕೂಗಾಡಲಿಲ್ಲ, ಶಪಿಸಲಿಲ್ಲ. ತಿರುಗಿ ಒಮ್ಮೆ ನೋಡಿದ, ಅಷ್ಟೆ. ಆ ನೋಟ ಅಲ್ಲಿಂದಾಚೆಗೆ ಅವಳನ್ನು ನಿದ್ದೆಯಲ್ಲೂ ಬಿಟ್ಟಿರಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಅವಳು ಜೈಲಿನ ಪಾದ್ರಿ ಬ್ರದರ್ ಹಾಯ್ಟ್ ಅವರನ್ನು ಪಕ್ಕಕ್ಕೆ ಕರೆದಳು. ಆ ತುದಿಯವನನ್ನು ಮೇಳದಿಂದ ಬಿಡಬಹುದೇ ಎಂದು, ಆದಷ್ಟು ಹಗುರವಾಗಿ, ಕೇಳಿದಳು.

ಪಾದ್ರಿ ನಕ್ಕರು. "ಲೀಮನ್‌ನಾ? ಅವನನ್ನ ಬಿಟ್ರೆ ಈ ಮೇಳಕ್ಕೆ ಕೆಳದನಿಯೇ ಇಲ್ಲ ಸಿಸ್ಟರ್. ಮಾತು ಕಮ್ಮಿ. ಆದ್ರೆ ಅವನು ಬಾಯಿ ಬಿಟ್ಟಾಗ ನೋಡ್ಬೇಕು, ಗೋಡೆ ಅಲ್ಲಾಡುತ್ತೆ."

ರೊವೀನಾ ನೀರಿನ ಲೋಟವನ್ನು ಕುಡಿಯದೆಯೇ ಕೆಳಗಿಟ್ಟಳು.

"ಪರಿಚಯ ಏನಾದ್ರೂ ಇದ್ಯಾ?" ಎಂದರು ಪಾದ್ರಿ.

"ಇಲ್ಲ," ಎಂದಳು. ಹೌದೆಂದಿದ್ದರೆ ಕಾವಲುಗಾರರು ಆ ಕ್ಷಣವೇ ಅವನನ್ನು ಹೊರಗೆ ಕರೆದೊಯ್ಯುತ್ತಿದ್ದರು. ಆದರೆ ಯಾಕೆ, ಏನು ಎಂದು ಅವನನ್ನೂ ಕೇಳುತ್ತಿದ್ದರು.

ಮತ್ತೆ ಹಾಡು ಶುರುವಾಯಿತು. ನದಿಯಾಚೆಯ ದಡದಲ್ಲಿ ಕಾದಿರುವ ಕರ್ತನ ಹಾಡು. ಅವಳ ತಾಯಿ ಬೀನ್ಸ್ ಬಿಡಿಸುತ್ತ ಹೇಳಿಕೊಳ್ಳುತ್ತಿದ್ದದ್ದು. ಈ ಸಲ ಡೆಲ್ಬರ್ಟ್ ಹೇಳಿದಂತೆ ಮೇಳಕ್ಕೆ ಬೆನ್ನು ಹಾಕಿ ನಿಲ್ಲಬೇಕಾಯಿತು. ಎರಡನೆಯ ಚರಣಕ್ಕೆ ಆ ದನಿ ಎದ್ದಿತು. ಬಾವಿಯೊಳಗಿಂದ ಬಂದಂಥ ದನಿ, ನೇರ ಅವಳ ಕತ್ತಿಗೇ ತಾಗುವಂತೆ. ಎಷ್ಟು ಹೆಜ್ಜೆ ಹಿಂದಿದ್ದಾನೆ? ಕಾವಲುಗಾರ ಬಾಗಿಲಲ್ಲಿ ಆಕಳಿಸುತ್ತಿದ್ದ. ಬೆನ್ನ ಹಿಂದೆ ನೆಲದ ಹಲಗೆಯೊಂದು ಕಿರುಗುಟ್ಟಿತು. ಅವಳ ದನಿ ಒಡೆಯಿತು, ಕಣ್ಣು ತಾನಾಗಿ ಮುಚ್ಚಿತು.

ಹಾಡು ಮುಗಿದಾಗ ಡೆಲ್ಬರ್ಟ್ ಕಣ್ಣೊರೆಸಿಕೊಳ್ಳುತ್ತಿದ್ದ. "ಆ ನಡುಕ ಎಲ್ಲಿಂದ ತಂದೆ ರೊವೀನಾ? ಇಷ್ಟು ವರ್ಷದಲ್ಲಿ ನೀನು ಹೀಗೆ ಹಾಡಿದ್ದೇ ಇಲ್ಲ."

ಇವತ್ತಿಗೆ ಸಾಕು, ಹೊರಡೋಣ ಎಂದಳು. ಇನ್ನೂ ಊಟವೇ ಆಗಿಲ್ಲವಲ್ಲ ಎಂದ ಅವನು. ಗಿಟಾರನ್ನು ಪೆಟ್ಟಿಗೆಗಿಡಲು ಬಾಗಿದಾಗ ಅವಳ ಮುಂದೆ ಕೈದಿಗಳ ಬೂಟುಗಳೆರಡು ಬಂದು ನಿಂತವು.

ಬ್ರದರ್ ಹಾಯ್ಟ್ ಅವನ ಭುಜದ ಮೇಲೆ ಕೈಯಿಟ್ಟಿದ್ದರು. "ಲೀಮನ್ ಎರಡು ಮಾತಾಡ್ಬೇಕಂತೆ ಸಿಸ್ಟರ್. ಯಾವತ್ತೂ ಏನೂ ಕೇಳಿದವನಲ್ಲ," ಎಂದು ಹೇಳಿ, ಊಟ ಬಂತೋ ಎಂದು ನೋಡಲು ಬಾಗಿಲತ್ತ ನಡೆದೇಬಿಟ್ಟರು.

ಕೂಗಬೇಕೆನಿಸಿತು. ಅವಳ ಕಣ್ಣು ಅವನ ಕೈಗಳಿಗೆ ಅಂಟಿಕೊಂಡಿತು. ದೊಡ್ಡ, ಒರಟು ಕೈಗಳು. ಅವು ಮೇಲೆದ್ದವು; ತಲೆಯ ಮೇಲಿನ ಟೊಪ್ಪಿಯನ್ನು ತೆಗೆದು ಎದೆಗೆ ಹಿಡಿದವು.

"ಹೆದರ್ಬೇಡಿ ಅಮ್ಮಾವ್ರೇ," ಎಂದ ಟ್ರಿವೆಟ್, ಆಳಾಗಿದ್ದಾಗಿನ ಅದೇ ತಗ್ಗಿದ ದನಿಯಲ್ಲಿ. "ಬರೋ ವಾರ ನನ್ನ ಪೆರೋಲ್ ವಿಚಾರಣೆ ಇದೆ, ಅವಧಿಗೆ ಮುಂಚೆ ಬಿಡ್ಬೇಕೋ ಬೇಡ್ವೋ ಅಂತ. ಹಿಂದೆ ಕರೆದಾಗೆಲ್ಲ ನಾನು ಮಾಡಿಲ್ಲ ಅಂತಾನೇ ಅಂದೆ. ಪಶ್ಚಾತ್ತಾಪ ಇಲ್ದೋನನ್ನ ಬಿಡಲ್ಲ ಅಂದ್ರು. ನಮ್ಮಕ್ಕ ಹಾಸಿಗೆ ಹಿಡಿದಿದ್ದಾಳೆ, ಕಾಯೋಕಾಗಲ್ಲ. ಅದಕ್ಕೆ ಈ ಸಲ ಮಾಡಿದ್ದು ನಾನೇ ಅಂತ ಒಪ್ಕೊಂಡ್‌ಬಿಡ್ತೀನಿ."

ಅವಳು ಗಿಟಾರಿನ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ಆದ್ರೆ ಒಪ್ಕೊಂಡ್ರೆ ಸಾಲ್ದಂತೆ, ಒಂದೂ ಬಿಡದೆ ವಿವರವಾಗಿ ಹೇಳ್ಬೇಕಂತೆ. ಎಲ್ಲಿ ನಿಂತಿದ್ದೆ, ಯಜಮಾನ್ರು ಕಡೇದಾಗಿ ಏನಂದ್ರು, ಬಿದ್ದ ಮೇಲೂ ಇನ್ನೊಂದು ಗುಂಡು ಯಾಕೆ... ನಾನು ಅಲ್ಲಿ ಇರ್ಲೇ ಇಲ್ವಲ್ಲ."

ಅವನು ಬಾಗಿಲತ್ತ ಒಮ್ಮೆ ನೋಡಿ, ಇನ್ನಷ್ಟು ಬಗ್ಗಿದ.

"ಹೇಗೆ ಹೊಡೆದ್ರಿ ಅಂತ ನೀವೇ ಸ್ವಲ್ಪ ಹೇಳ್ಕೊಡಿ ಅಮ್ಮಾವ್ರೇ."